ಬ್ಯಾರನ್ ಮುಂದೆ ಒಂದು ವ್ಯಾಕರಣ ಪಾಠ

ಆಷಾಢದ ಒಂದು ಶನಿವಾರ ಸಂಜೆ. ಮೈಸೂರಿನಿಂದ ಬಂದ ಬಸ್ಸು ಪಿರಿಯಾಪಟ್ಟಣದ ನಿಲ್ದಾಣದಲ್ಲಿ ನಿಂತಾಗ ಹುಡುಗಿಯೊಬ್ಬಳು ಇಳಿದಳು. ಶನಿವಾರ ಊರಿಗೆ ಬರುವ ಹಾಸ್ಟೆಲ್ ಮಕ್ಕಳ ಕೈಯಲ್ಲಿ ಒಗೆಯುವ ಬಟ್ಟೆಯ ಚೀಲವಿರುವುದು ವಾಡಿಕೆ. ಇವಳ ಕೈಯಲ್ಲಿ ಅದರ ಜೊತೆಗೆ ಹಾಸಿಗೆಯ ಸುರುಳಿಯೂ ಇತ್ತು. ಕರೆದೊಯ್ಯಲು ಬಂದಿದ್ದ ಅಪ್ಪ ಅದನ್ನು ನೋಡಿದ, ಏನೂ ಕೇಳಲಿಲ್ಲ. ಸುರುಳಿಯನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು, ಮಗಳನ್ನು ಹಿಂದೆ ಕೂರಿಸಿಕೊಂಡು, ತುಂತುರು ಮಳೆಯಲ್ಲೇ ಬೆಟ್ಟದಪುರದ ದಾರಿ ಹಿಡಿದ.

ಮನೆ ಮುಟ್ಟಿದ ಮೇಲೆ ಅವಳೇ ಹೇಳಿದಳು: ‘ನಾನು ವಾಪಸ್ ಹೋಗಲ್ಲ ಅಪ್ಪ.’

ಹತ್ತನೇ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ, ವಿಜ್ಞಾನದಲ್ಲಿ ಇಡೀ ಶಾಲೆಗೇ ಹೆಚ್ಚು ಅಂಕ ಪಡೆದು, ಊರಿನವರಿಂದ ಶಾಲು ಹೊದೆಸಿಕೊಂಡು ಮೈಸೂರಿನ ಕಾಲೇಜಿಗೆ ಸೇರಿದ ಹುಡುಗಿ ಅವಳು. ಸೇರಿ ಇನ್ನೂ ಆರು ವಾರ ತುಂಬಿರಲಿಲ್ಲ. ಅಷ್ಟರಲ್ಲಿ ಆಗಿದ್ದಾದರೂ ಏನು? ಕೇಳಿದರೆ ನಗು ಬರುವಷ್ಟು ಸಣ್ಣ ಸಂಗತಿ. ಆದರೆ ಹದಿನಾರರ ವಯಸ್ಸಿನಲ್ಲಿ ಓದು ಬಿಟ್ಟ ಎಷ್ಟೋ ಮಕ್ಕಳ ಕಥೆಯನ್ನು ಕೆದಕಿದರೆ ತಳದಲ್ಲಿ ಸಿಗುವುದು ಇಂಥ ಸಣ್ಣ ಸಂಗತಿಯೇ.

ಮೊದಲ ವಾರ ತರಗತಿಯಲ್ಲಿ ಎಲ್ಲರೂ ಎದ್ದು ನಿಂತು ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳಿಕೊಳ್ಳಬೇಕಿತ್ತು. ಇವಳು ಹಿಂದಿನ ರಾತ್ರಿ ಬರೆದು, ಬಾಯಿಪಾಠ ಮಾಡಿ, ಸರದಿ ಬಂದಾಗ ಎದ್ದು ನಿಂತಳು. ‘ಮೈ ಫಾದರ್ ಈಸ್ ಗ್ರೋಯಿಂಗ್ ಟೊಬ್ಯಾಕೊ. ಐ ಆಮ್ ಹ್ಯಾವಿಂಗ್ ಒನ್ ಬ್ರದರ್.’ ಉಪನ್ಯಾಸಕರು ತಮಾಷೆಗೆಂದು ಕೇಳಿದರು: ‘ಈಗ, ಈ ನಿಮಿಷದಲ್ಲಿ ಬೆಳೆಯುತ್ತಿದ್ದಾರಾ? ಎಲ್ಲಿ, ಕಿಟಕಿಯ ಹೊರಗಾ?’ ಇಡೀ ತರಗತಿ ನಕ್ಕಿತು. ಅವರು ಕೆಟ್ಟವರೇನಲ್ಲ. ಪಾಠದ ಭಾರ ಇಳಿಸಲು ಆಡಿದ ಮಾತು ಅದು. ಆದರೆ ಮಾರನೆಯ ದಿನದಿಂದ ಹಿಂದಿನ ಬೆಂಚಿನವರ ಬಾಯಲ್ಲಿ ಅವಳ ಹೆಸರೇ ‘ಈಸ್ ಗ್ರೋಯಿಂಗ್’ ಎಂದಾಯಿತು.

ಆಮೇಲೆ ಅವಳು ಬಾಯಿ ತೆರೆಯಲಿಲ್ಲ. ಭೌತಶಾಸ್ತ್ರದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ನ್ಯೂಟನ್ನನ ನಿಯಮ ಬರೆಯಲು ಹೊರಟವಳು, ಕ್ರಿಯಾಪದಕ್ಕೆ ಬಾಲ ಹಚ್ಚಬೇಕೋ ಬೇಡವೋ, ‘ಈಸ್’ ಹಾಕಬೇಕೋ ಬಿಡಬೇಕೋ ಎಂದು ತಿಳಿಯದೆ ಹಾಳೆಯನ್ನು ಅರ್ಧ ಖಾಲಿ ಬಿಟ್ಟು ಬಂದಳು. ಕನ್ನಡದಲ್ಲಿ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದ ನಿಯಮ.

ಅಜ್ಜಿಗೆ ಇದೆಲ್ಲ ಅರ್ಥವಾಗಲಿಲ್ಲ. ಅರ್ಥವಾದಷ್ಟಕ್ಕೆ ಅವಳ ಬಳಿ ಪರಿಹಾರವೂ ಇತ್ತು. ‘ಓದು ಹತ್ತದಿದ್ರೆ ಬುಡು ಕೂಸೆ. ನಿಮ್ಮ ಸೋದರಮಾವನ ಮನೆಯೋರು ಹೋದ ಸಂಕ್ರಾಂತಿಯಿಂದ ಕೇಳ್ತಾವ್ರೆ’ ಎಂದಳು. ಅವ್ವ ಒಲೆಯ ಕಡೆ ಮುಖ ಮಾಡಿ ಸುಮ್ಮನಿದ್ದಳು. ಆ ಮೌನಕ್ಕೆ ಒಪ್ಪಿಗೆಯ ಅರ್ಥವಿತ್ತೋ ಭಯದ ಅರ್ಥವಿತ್ತೋ, ಯಾರೂ ಕೇಳಲಿಲ್ಲ.

ಆ ವಾರ ಅವರ ಬ್ಯಾರನ್ನಿಗೆ ಹೊಗೆಸೊಪ್ಪು ಏರಿಸಿ ನಾಲ್ಕನೇ ದಿನ. ಪಿರಿಯಾಪಟ್ಟಣ, ಹುಣಸೂರು ಕಡೆಯ ಊರುಗಳನ್ನು ಬಲ್ಲವರಿಗೆ ಆ ದಿನಗಳ ಕಷ್ಟ ಗೊತ್ತು. ಹೊಲದಲ್ಲಿ ಮುರಿದ ಎಲೆಯನ್ನು ಕೋಲುಗಳಿಗೆ ಕಟ್ಟಿ, ಎತ್ತರದ ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾ ಐದಾರು ದಿನ ರಾತ್ರಿ ಹಗಲು ಕಾಯಬೇಕು. ಶಾಖ ಒಮ್ಮೆಗೇ ಏರಿದರೆ ಎಲೆ ಹಸಿರಾಗಿಯೇ ಒಣಗುತ್ತದೆ, ಇಳಿದರೆ ಕಪ್ಪಾಗುತ್ತದೆ. ಹರಾಜು ಕಟ್ಟೆಯಲ್ಲಿ ಆ ಬಣ್ಣವೇ ಬೆಲೆ ನಿರ್ಧರಿಸುವುದು. ಹಾಗಾಗಿ ಊಟ ಮುಗಿಸಿ ಅಪ್ಪ ಕಂಬಳಿ ಹೊದ್ದು ಬ್ಯಾರನ್ನಿನ ಕಡೆ ಹೊರಟ. ಮಗಳೂ ಹಿಂದೆ ಹೋದಳು. ಮನೆಯೊಳಗಿನ ಮಾತುಗಳಿಗಿಂತ ಆ ಹೊಗೆಯೇ ವಾಸಿ ಎನಿಸಿರಬೇಕು.

ಮಳೆಗಾಲದ ರಾತ್ರಿ ಊರಿನ ಬ್ಯಾರನ್ನುಗಳ ಮುಂದೆ ಒಂದೊಂದು ಚಾವಡಿ ಸೇರುತ್ತದೆ. ಇವರಲ್ಲಿಗೆ ಬರುವವರಲ್ಲಿ ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರು ಇದ್ದರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವರು. ಬೆಚ್ಚಗೆ ಕೂರಲು ಬಂದವರಿಗೆ ಅಪ್ಪ ಮಣೆ ಕೊಟ್ಟು, ‘ಮೇಷ್ಟ್ರೇ, ನೀವೇ ವಸಿ ಕೇಳಿ. ಕಾಲೇಜು ಬ್ಯಾಡವಂತೆ’ ಎಂದ.

ಮೇಷ್ಟ್ರು ಬುದ್ಧಿಮಾತು ಹೇಳಲಿಲ್ಲ. ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಹುಡುಗಿಯನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು.

‘ಈಗ ಒಳಗೆ ಏನು ನಡೀತಾ ಇದೆಯಪ್ಪ?’

ಅಪ್ಪ ಎದ್ದು, ಗಾಜಿನ ಕಿಂಡಿಯಿಂದ ಬ್ಯಾಟರಿ ಬಿಟ್ಟು ಥರ್ಮಾಮೀಟರ್ ನೋಡಿ ಬಂದ. ‘ಎಲೆ ಒಣಗ್ತಾ ಅದೆ.’

‘ಮೊದಲಿಂದ ಕೊನೆವರೆಗೆ ಏನೇನಾಗುತ್ತೆ, ಹೇಳು.’

‘ಏನಾಗ್ತದೆ? ಮೊದಲು ನೂರು ಡಿಗ್ರಿ ಹತ್ತತ್ರ ಇಟ್ರೆ ಎಲೆ ಹಳದಿ ತಿರುಗ್ತದೆ. ಆಮೇಲೆ ನಿಧಾನಕ್ಕೆ ಏರಿಸಿದ್ರೆ ಎಲೆ ಒಣಗ್ತದೆ. ನೂರಾ ಅರವತ್ತಕ್ಕೆ ಹೋದ್ರೆ ನಡುವಿನ ದಂಟು ಒಣಗ್ತದೆ. ಅಷ್ಟೇಯ.’ ಅಪ್ಪನ ಲೆಕ್ಕ ಫ್ಯಾರನ್‌ಹೀಟಿನದು. ನೂರಾ ಅರವತ್ತು ಎಂದರೆ ಸುಮಾರು 71 ಡಿಗ್ರಿ ಸೆಲ್ಸಿಯಸ್.

ಮೇಷ್ಟ್ರು ಹುಡುಗಿಯ ಕಡೆ ನೋಡಿದರು. ‘ನಿಮ್ಮಪ್ಪ ಎರಡು ಥರ ಮಾತಾಡಿದ, ಕೇಳಿಸ್ತೇನಮ್ಮಾ? ಒಂದ್ಸಲ ಒಣಗ್ತಾ ಅದೆ ಅಂದ. ಇನ್ನೊಂದ್ಸಲ ಒಣಗ್ತದೆ ಅಂದ. ಯಾಕೆ ಬೇರೆ ಬೇರೆ?’

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ‘ಒಣಗ್ತಾ ಅದೆ ಅಂದ್ರೆ ಈಗ ಒಳಗೆ ನಡೀತಾ ಇರೋದು. ಒಣಗ್ತದೆ ಅಂದ್ರೆ... ಯಾವಾಗ ಮಾಡಿದ್ರೂ ಹಂಗೇ ಆಗೋದು.’

‘ಮುಗೀತಲ್ಲ’ ಎಂದರು ಮೇಷ್ಟ್ರು. ‘ಈಸ್ ಡ್ರೈಯಿಂಗ್, ಡ್ರೈಸ್. ನಿನಗೆ ಬರದೇ ಇರೋದು ಇದರಲ್ಲಿ ಏನಿದೆ?’

ಅಂದು ರಾತ್ರಿ ಬ್ಯಾರನ್ನಿನ ಮುಂದೆ ನಡೆದ ಪಾಠ ಇಲ್ಲಿಗೆ ನಿಲ್ಲಲಿಲ್ಲ. ಅದನ್ನು ವಿದ್ಯಾರ್ಥಿಗಳೂ ತಂದೆತಾಯಿಯರೂ ಸ್ವಲ್ಪ ವಿವರವಾಗಿಯೇ ಕೇಳುವುದು ಒಳ್ಳೆಯದು. ಏಕೆಂದರೆ ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಎಡವುವ ಮೊದಲ ಕಲ್ಲೇ ಈ ‘ಸಿಂಪಲ್ ಪ್ರೆಸೆಂಟ್’, ಅಂದರೆ ಸಾಮಾನ್ಯ ವರ್ತಮಾನ ಕಾಲ. ಎಡವಿದವರಿಗೆ ಸಿಗುವ ವಿವರಣೆ ಸಾಮಾನ್ಯವಾಗಿ ಒಂದೇ: ‘ಓದಿಲ್ಲ, ಗಮನವಿಲ್ಲ.’ ಅದು ನಿಜವಲ್ಲ. ಎಡವುವುದಕ್ಕೆ ಕಾರಣಗಳಿವೆ, ಆ ಕಾರಣಗಳು ಕನ್ನಡದಲ್ಲೇ ಇವೆ.

ಮೊದಲನೆಯ ಕಾರಣ ಹೆಸರಿನದು. ‘ವರ್ತಮಾನ’ ಎಂದರೆ ಈಗ ನಡೆಯುತ್ತಿರುವುದು ಎಂದು ಮಗು ತಿಳಿಯುತ್ತದೆ. ಆದರೆ ಈ ಕಾಲ ‘ಈಗ’ ಏನಾಗುತ್ತಿದೆ ಎಂದು ಹೇಳುವುದು ಕಡಿಮೆ. ‘ದಿ ಸನ್ ರೈಸಸ್ ಇನ್ ದಿ ಈಸ್ಟ್’ ಎಂದು ನಡುರಾತ್ರಿಯಲ್ಲಿ ಹೇಳಿದರೂ ಅದು ಸರಿ. ಹಸು ಹಾಲು ಕೊಡುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾತ ದಿನಾ ಬೆಳಿಗ್ಗೆ ಐದಕ್ಕೆ ಏಳುತ್ತಾರೆ: ಇವು ಗುಣ, ನಿಯಮ, ರೂಢಿ. ಇವನ್ನು ಹೇಳುವುದೇ ಈ ಕಾಲದ ಮುಖ್ಯ ಕೆಲಸ. ‘ಈಗ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಈಸ್ ಡ್ರೈಯಿಂಗ್’ ಎಂಬ ಬೇರೆ ರೂಪವೇ ಇದೆ.

ಎರಡನೆಯದು, ಕನ್ನಡದ ‘ಉತ್ತ’ ರೂಪಕ್ಕೆ ಎರಡು ಕೆಲಸ. ‘ದಿನಾ ಬರುತ್ತೇನೆ’ ಎಂದರೆ ರೂಢಿ. ‘ನಾಳೆ ಬರುತ್ತೇನೆ’ ಎಂದರೆ ಭವಿಷ್ಯ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಕನ್ನಡದ ಕ್ರಿಯಾಪದಗಳಲ್ಲಿ ನಿಜವಾಗಿ ಇರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಭೇದ, ಮೂರು ಕಾಲಗಳ ಲೆಕ್ಕ ಸಂಸ್ಕೃತ ವ್ಯಾಕರಣದಿಂದ ಬಂದದ್ದು ಎಂದು ವಾದಿಸಿದ್ದಾರೆ. ವಾದವನ್ನು ಒಪ್ಪಲಿ ಬಿಡಲಿ, ತರಗತಿಯ ಅನುಭವ ಅದನ್ನೇ ಹೇಳುತ್ತದೆ. ‘ಬರುತ್ತೇನೆ’ಯನ್ನು ಕಂಡ ಮಗು ‘ಐ ಕಮ್’ ಎನ್ನಬೇಕೋ ‘ಐ ವಿಲ್ ಕಮ್’ ಎನ್ನಬೇಕೋ ಎಂದು ನಿಂತುಬಿಡುತ್ತದೆ. ಅದಕ್ಕೆ ಮದ್ದು ಸುಲಭ. ಪದವನ್ನು ಅನುವಾದಿಸುವ ಮೊದಲು ‘ದಿನಾ’ ಸೇರಿಸಿ ನೋಡಬೇಕು, ‘ನಾಳೆ’ ಸೇರಿಸಿ ನೋಡಬೇಕು. ಯಾವುದು ಕೂಡುತ್ತದೋ ಅದರ ದಾರಿ ಹಿಡಿಯಬೇಕು.

ಮೂರನೆಯ ಕಾರಣವೇ ಆ ಹುಡುಗಿಯನ್ನು ನಗೆಗೀಡು ಮಾಡಿದ್ದು. ಕನ್ನಡದಲ್ಲಿ ‘ಇದು ಪುಸ್ತಕ’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದವೇ ಬೇಡ. ಇಂಗ್ಲಿಷಿಗೆ ಬಂದ ಮಗುವಿಗೆ ಮೊದಲು ಕಲಿಸುವುದೇ ‘ದಿಸ್ ಈಸ್ ಎ ಬುಕ್’, ‘ಐ ಆಮ್ ಎ ಬಾಯ್’. ಈಸ್, ಆಮ್, ಆರ್ ಮರೆತರೆ ಬೈಗುಳ. ಹಾಗಾಗಿ ‘ಈಸ್’ ಇಲ್ಲದೆ ಇಂಗ್ಲಿಷ್ ವಾಕ್ಯವೇ ಇಲ್ಲ ಎಂಬ ನಂಬಿಕೆ ಬೇರೂರಿ, ಎಲ್ಲ ಕಡೆಯೂ ಅದು ನುಗ್ಗುತ್ತದೆ. ಇನ್ನು ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೊಬ್ಬ ತಮ್ಮನಿದ್ದಾನೆ’ ಎಂಬಂಥ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸುವಾಗ ಹಿಡಿಯಲು ಕೊಂಬೆಯೇ ಸಿಗುವುದಿಲ್ಲ. ಅಲ್ಲಿ ‘ನನಗೆ’ ಹೋಗಿ ‘ನಾನು’ ಆಗಬೇಕು. ‘ಗೊತ್ತು’ ಎಂಬುದು ‘ನೋ’ ಎಂಬ ಕ್ರಿಯಾಪದವಾಗಬೇಕು. ಗಾಬರಿಯಲ್ಲಿ ಮಕ್ಕಳು ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್’ ಎನ್ನುತ್ತಾರೆ. ಇದು ಪಿರಿಯಾಪಟ್ಟಣದ ತಪ್ಪಲ್ಲ, ಇಡೀ ಭಾರತದ ರೂಢಿ. ಮುಂಬಯಿಯ ಇಂಗ್ಲಿಷ್ ಕವಿ ನಿಸ್ಸಿಮ್ ಎಜೆಕಿಯಲ್ ನಮ್ಮವರ ಈ ‘ಇಂಗ್’ ಮೋಹವನ್ನೇ ಹಿಡಿದು ಪದ್ಯ ಬರೆದಿದ್ದಾರೆ. ನೆನಪಿಡಬೇಕಾದ್ದು ಇಷ್ಟೇ: ತಿಳಿದಿರುವುದು, ಬೇಕಾಗಿರುವುದು, ಇಷ್ಟಪಡುವುದು, ಹೊಂದಿರುವುದು ಕೆಲಸಗಳಲ್ಲ, ಸ್ಥಿತಿಗಳು. ಒಲೆಗೆ ಸೌದೆ ಹಾಕುವಂತೆ ಅವುಗಳನ್ನು ಕ್ಷಣಕ್ಷಣವೂ ‘ಮಾಡುತ್ತಾ’ ಇರುವುದಿಲ್ಲ. ಆದ್ದರಿಂದ ಅವಕ್ಕೆ ಸಾಮಾನ್ಯವಾಗಿ ಸಿಂಪಲ್ ಪ್ರೆಸೆಂಟ್: ‘ಐ ನೋ’, ‘ಐ ವಾಂಟ್’, ‘ಐ ಹ್ಯಾವ್ ಎ ಬ್ರದರ್’.

ನಾಲ್ಕನೆಯದು ಆ ಒಂಟಿ ‘ಎಸ್’ ಅಕ್ಷರದ ಕಾಟ. ಕನ್ನಡದಲ್ಲಿ ಕ್ರಿಯಾಪದ ಕರ್ತೃವಿಗೆ ತಕ್ಕಂತೆ ಎಲ್ಲ ಕಡೆಯೂ ಬದಲಾಗುತ್ತದೆ: ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ. ಇಷ್ಟನ್ನು ತಪ್ಪಿಲ್ಲದೆ ಆಡುವ ಮಗುವಿಗೆ ‘ಕಮ್’, ‘ಕಮ್ಸ್’ ಎಂಬ ಎರಡೇ ರೂಪ ಕಷ್ಟವಾಗುವುದು ವಿಚಿತ್ರವೇ. ಅಲ್ಲೂ ನಮ್ಮ ಶಾಲೆಯ ವ್ಯಾಕರಣವೇ ಒಂದು ಗೊಂದಲ ಮಾಡಿಟ್ಟಿದೆ. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು’ ಪ್ರಥಮ ಪುರುಷ. ಇಂಗ್ಲಿಷಿನಲ್ಲಿ ‘ಐ’ ಎಂಬುದು ಫಸ್ಟ್ ಪರ್ಸನ್, ‘ಹಿ’ ಎಂಬುದು ಥರ್ಡ್ ಪರ್ಸನ್. ಪ್ರಥಮ ಎಂದರೆ ಫಸ್ಟ್ ಎಂದು ನಂಬಿದ ಮಗು ‘ಐ’ ಮುಂದೆ ‘ಎಸ್’ ಹಚ್ಚಿದರೆ ತಪ್ಪು ಯಾರದು? ‘ಥರ್ಡ್ ಪರ್ಸನ್ ಸಿಂಗ್ಯುಲರ್’ ಎಂದು ಗಿಣಿಪಾಠ ಮಾಡಿಸುವ ಬದಲು, ಅವನು, ಅವಳು, ಅದು, ಅಥವಾ ಒಬ್ಬರ, ಒಂದರ ಹೆಸರು ಬಂದರೆ ‘ಎಸ್’ ಎಂದರೆ ಸಾಕು.

ಮೇಷ್ಟ್ರು ಇದಕ್ಕೊಂದು ಉಪಾಯ ಹೇಳಿದರು. ಒಂದೇ ಕೊಡೆ, ಇಬ್ಬರು ಮಕ್ಕಳು. ಕರ್ತೃಪದ ಒಬ್ಬ, ಕ್ರಿಯಾಪದ ಇನ್ನೊಬ್ಬ. ಕೊಡೆ ಒಬ್ಬನ ಕೈಯಲ್ಲಿದ್ದರೆ ಇನ್ನೊಬ್ಬನ ಕೈ ಖಾಲಿ. ‘ಎ ಲೀಫ್ ಟರ್ನ್ಸ್ ಯೆಲ್ಲೊ’ ಎಂದಾಗ ‘ಎಸ್’ ಕ್ರಿಯಾಪದದ ಕೈಯಲ್ಲಿ. ‘ಲೀವ್ಸ್ ಟರ್ನ್ ಯೆಲ್ಲೊ’ ಎಂದಾಗ ಕರ್ತೃವಿನ ಕೈಯಲ್ಲಿ. ‘ಐ’, ‘ಯು’ ಮತ್ತು ‘ಚಿಲ್ಡ್ರನ್’ನಂಥ ಕೆಲವು ಬಹುವಚನಗಳಿಗೆ ಈ ಕೊಡೆಯ ಲೆಕ್ಕ ಒಪ್ಪುವುದಿಲ್ಲ. ಆದರೆ ಮಿಕ್ಕ ಕಡೆ ಮಳೆಯಿಂದ ಉಳಿಸುತ್ತದೆ.

‘ಡ್ರೈ’ ಪದದ ಕೊನೆಯಲ್ಲಿ ‘ವೈ’ ಇದೆ, ಅದರ ಹಿಂದೆ ವ್ಯಂಜನವಿದೆ. ಆದ್ದರಿಂದ ‘ವೈ’ ಹೋಗಿ ‘ಐಇಎಸ್’ ಬರುತ್ತದೆ. ‘ಪ್ಲೇ’ ಪದದಲ್ಲಿ ‘ವೈ’ಗೆ ಹಿಂದೆ ಸ್ವರವಿದೆ, ಹಾಗಾಗಿ ಬರಿಯ ‘ಎಸ್’. ಗೋ, ಡು, ವಾಷ್, ಟೀಚ್ ಮುಂತಾದವಕ್ಕೆ ‘ಇಎಸ್’. ‘ಹ್ಯಾವ್’ ಮಾತ್ರ ‘ಹ್ಯಾಸ್’ ಆಗುತ್ತದೆ. ಕಾಗುಣಿತ ಕಲಿತ ಮಗುವಿಗೆ ಇದು ದೊಡ್ಡ ಹೊರೆಯಲ್ಲ.

ಇನ್ನು ‘ಇಲ್ಲ’ ಎನ್ನುವಾಗ ಕನ್ನಡವೇ ನೆರವಿಗೆ ಬರುತ್ತದೆ. ನಾನು ಬರುವುದಿಲ್ಲ, ನೀನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ. ಆರು ರೂಪಗಳ ಆಡಂಬರವೆಲ್ಲ ಹೋಗಿ ಒಂದೇ ರೂಪ ಉಳಿಯಿತು. ಇಂಗ್ಲಿಷಿನಲ್ಲೂ ಮುಖ್ಯ ಕ್ರಿಯಾಪದ ಹೀಗೆಯೇ ಬೋಳಾಗುತ್ತದೆ: ‘ಐ ಡು ನಾಟ್ ಕಮ್’, ‘ಶಿ ಡಸ್ ನಾಟ್ ಕಮ್’. ‘ಎಸ್’ ಹೋಗಿ ‘ಡು’ವಿನ ಮೇಲೆ ಕುಳಿತು ‘ಡಸ್’ ಮಾಡಿತು. ಒಂದೇ ಕೊಡೆಯಾದ್ದರಿಂದ ‘ಡಸ್ ನಾಟ್ ಕಮ್ಸ್’ ಎನ್ನುವಂತಿಲ್ಲ. ಪ್ರಶ್ನೆಗೂ ಇದೇ ನಿಯಮ.

ಹುಡುಗಿಗೆ ಹೆಚ್ಚು ಸಮಾಧಾನ ಕೊಟ್ಟ ಸಂಗತಿ ಬೇರೆಯದು. ಈ ‘ಎಸ್’ ಇಂಗ್ಲಿಷರ ನಾಡಿನಲ್ಲೇ ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ಹಿಂದೆ ದಕ್ಷಿಣ ಇಂಗ್ಲೆಂಡಿನಲ್ಲಿ ‘ಕಮೆತ್’, ‘ಗೋಯೆತ್’ ಎಂಬಂಥ ರೂಪಗಳಿದ್ದವು. ‘ಎಸ್’ ಉತ್ತರದ ಕಡೆಯವರ ಆಡುಮಾತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಆ ‘ಎತ್’ ರೂಪಗಳೇ ತುಂಬಿವೆ; ಅದೇ ಕಾಲದ ಶೇಕ್ಸ್‌ಪಿಯರ್ ಎರಡನ್ನೂ ಬಳಸಿದ್ದಾನೆ. ಕೊನೆಗೆ ಗೆದ್ದದ್ದು ಉತ್ತರದವರ ‘ಎಸ್’. ಹಳೆಯ ಇಂಗ್ಲಿಷಿನಲ್ಲಿ ಕನ್ನಡದಂತೆಯೇ ಬೇರೆ ಬೇರೆ ಪುರುಷಗಳಿಗೆ ಬೇರೆ ಬೇರೆ ಪ್ರತ್ಯಯಗಳಿದ್ದವು. ಅವೆಲ್ಲ ಸವೆದು ಇದೊಂದೇ ಉಳಿಯಿತು. ಅಂದರೆ ಈ ‘ಎಸ್’ ಬುದ್ಧಿವಂತಿಕೆಯ ಲಕ್ಷಣವಲ್ಲ, ಹಳೆಯ ಮನೆಯ ಉಳಿದ ಒಂದು ಕಂಬ. ಅದು ಗೊತ್ತಿರಬೇಕು, ಗೊತ್ತಿಲ್ಲದವರನ್ನು ನೋಡಿ ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಇಷ್ಟಾದ ಮೇಲೆ ಮೇಷ್ಟ್ರು ಅವಳ ಚೀಲದಿಂದ ಭೌತಶಾಸ್ತ್ರದ ಪುಸ್ತಕ ತರಿಸಿದರು. ಬ್ಯಾಟರಿ ಬೆಳಕಿನಲ್ಲಿ ಒಂದು ಪುಟ ತೆರೆದು, ‘ಇದರಲ್ಲಿರೋ ಕ್ರಿಯಾಪದಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಹಾಕು’ ಎಂದರು. ಗೆರೆ ಹಾಕುತ್ತಾ ಹೋದ ಹುಡುಗಿ ನಡುವೆ ನಿಲ್ಲಿಸಿದಳು. ಬಹುಪಾಲು ಅದೇ ಸಿಂಪಲ್ ಪ್ರೆಸೆಂಟ್!

ಅದು ಸಹಜವೇ. ವಿಜ್ಞಾನ ಹೇಳುವುದು ‘ಯಾವಾಗ ಮಾಡಿದರೂ ಹಾಗೇ ಆಗುವ’ ಸಂಗತಿಗಳನ್ನು. ಬೆಳಕು ನೇರವಾಗಿ ಚಲಿಸುತ್ತದೆ, ಹೃದಯ ರಕ್ತವನ್ನು ಒತ್ತುತ್ತದೆ, ಕಾಯಿಸಿದರೆ ಲೋಹ ಹಿಗ್ಗುತ್ತದೆ. ಒಂದು ಪ್ರಯೋಗವನ್ನು ನಿನ್ನೆ ಮಾಡಿದ್ದರೆ ಅದು ಭೂತಕಾಲ. ಅದರಿಂದ ತಿಳಿದ ನಿಯಮ ಸಾಮಾನ್ಯ ವರ್ತಮಾನ. ವಿಜ್ಞಾನದ ಪಠ್ಯವನ್ನು ಇಂಗ್ಲಿಷಿನಲ್ಲಿ ಓದಲು ಹನ್ನೆರಡು ಕಾಲಗಳ ಪಟ್ಟಿಯನ್ನು ಉರುಹೊಡೆಯಬೇಕಾಗಿಲ್ಲ. ಇದೊಂದು ಕಾಲವನ್ನೂ ಅದರ ಕರ್ಮಣಿ ರೂಪವನ್ನೂ ಗಟ್ಟಿ ಮಾಡಿಕೊಂಡರೆ ಪುಸ್ತಕದ ಹೆಚ್ಚಿನ ಬಾಗಿಲುಗಳು ತೆರೆದುಕೊಳ್ಳುತ್ತವೆ.

‘ಆದರೆ ಒಂದು ಎಚ್ಚರ’ ಎಂದರು ಮೇಷ್ಟ್ರು. ‘ನೀರು ನೂರು ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತೆ ಅಂತ ಓದಿದ್ದೀಯಲ್ಲ? ನಿಮ್ಮವ್ವನ ಒಲೆ ಮೇಲೆ ಅಷ್ಟರಲ್ಲಿ ಕುದಿಯೋದಿಲ್ಲ.’ ಹುಡುಗಿ ಅಚ್ಚರಿಯಿಂದ ನೋಡಿದಳು. ಪಿರಿಯಾಪಟ್ಟಣ ಸಮುದ್ರಮಟ್ಟದಿಂದ 800 ಮೀಟರಿಗಿಂತ ಹೆಚ್ಚು ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ; ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಉಷ್ಣತೆ ಇಳಿಯುತ್ತದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ‘ವಾಟರ್ ಬಾಯ್ಲ್ಸ್’ ಎಂದು ಧೈರ್ಯವಾಗಿ ಹೇಳಬಹುದು. ಆದರೆ ‘ಸಮುದ್ರಮಟ್ಟದ ಒತ್ತಡದಲ್ಲಿ’ ಎಂಬ ಷರತ್ತನ್ನು ಸೇರಿಸಬೇಕು. ಯಾವಾಗಲೂ ನಿಜ ಎನ್ನುವ ಮಾತಿಗೆ ‘ಯಾವ ಷರತ್ತಿನಲ್ಲಿ’ ಎಂಬ ಪ್ರಶ್ನೆ ಕೇಳುವುದೇ ವಿಜ್ಞಾನದ ಓದು.

ಒಲೆಗೆ ಸೌದೆ ಒಟ್ಟುತ್ತಿದ್ದ ಅಪ್ಪ ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಅವನಿಗೊಂದು ಅನುಮಾನ ಬಂತು. ‘ಹಂಗಾದ್ರೆ ಇವಳು ಕಾಲೇಜಲ್ಲಿ ನನ್ನ ಬಗ್ಗೆ ಹೇಳಿದ್ದರಲ್ಲಿ ತಪ್ಪೇನು ಮೇಷ್ಟ್ರೇ?’

‘ಮೈ ಫಾದರ್ ಗ್ರೋಸ್ ಟೊಬ್ಯಾಕೊ ಅನ್ನಬೇಕಿತ್ತು. ಹೊಗೆಸೊಪ್ಪು ಬೆಳೆಯೋದು ನಿನ್ನ ಕಸುಬಲ್ಲವೇ? ಈಸ್ ಗ್ರೋಯಿಂಗ್ ಅಂದರೆ ಈಗ ಸದ್ಯಕ್ಕೆ ಬೆಳೀತಾ ಇದ್ದಾನೆ, ಮುಂದೆ ಬೆಳೆಯದೆಯೂ ಇರಬಹುದು ಅಂತಾಗುತ್ತೆ.’

ಅಪ್ಪ ಕೈಲಿದ್ದ ಸೌದೆಯನ್ನು ಕೆಳಗಿಟ್ಟ. ‘ಹಂಗಾದ್ರೆ ಅವಳು ಹೇಳಿದ್ದೇ ಸರಿ.’

ಮೇಷ್ಟ್ರು ಸುಮ್ಮನಾದರು. ಅಪ್ಪನೇ ಮುಂದುವರಿಸಿದ. ಸೌದೆಯ ಬೆಲೆ, ಗೊಬ್ಬರದ ಬೆಲೆ, ಹರಾಜಿನಲ್ಲಿ ಕಾಯುವ ಕಷ್ಟ, ಬ್ಯಾಂಕಿನ ಸಾಲ. ಎಷ್ಟು ಬೆಳೆಯಬೇಕೆಂದು ತಂಬಾಕು ಮಂಡಳಿ ಮಿತಿ ಹಾಕುತ್ತದೆ. ತಂಬಾಕು ನಿಯಂತ್ರಣದ ಬಗ್ಗೆ 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಒಪ್ಪಂದವಾಗಿ, ಭಾರತವೂ 2004ರಲ್ಲಿ ಅದನ್ನು ಸ್ಥಿರೀಕರಿಸಿದ ಮೇಲೆ, ಈ ಬೆಳೆ ಇನ್ನೆಷ್ಟು ದಿನ ಎಂಬ ಮಾತು ಊರೂರಿನ ಕಟ್ಟೆಯ ಮೇಲೂ ಬಂದಿದೆ. ‘ನಮ್ಮಪ್ಪ ರಾಗಿ ಬೆಳೀತಿದ್ದ, ನಾನೂ ರಾಗಿ ಬೆಳೀತೀನಿ. ಅದು ಕಸುಬು. ಹೊಗೆಸೊಪ್ಪು ಹಂಗಲ್ಲ ಮೇಷ್ಟ್ರೇ. ಇವಳ ಓದು ಮುಗಿಯೋಗಂಟ ಬೆಳೀತಾ ಇವ್ನಿ, ಅಷ್ಟೇಯ.’

ಒಲೆಯಲ್ಲಿ ಸೌದೆ ಸಿಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎಲ್ಲರೂ ನಕ್ಕ ಆ ವಾಕ್ಯದಲ್ಲಿ ಅವಳ ಅಪ್ಪನ ಮನಸ್ಸಿನ ಮಾತೇ ಇತ್ತು. ವ್ಯಾಕರಣ ತಿಳಿಯದೆ ಬಂದದ್ದು, ನಿಜ. ಆದರೆ ತಿಳಿದು ಹೇಳಬೇಕಾಗಿದ್ದರೂ ಅದನ್ನೇ ಹೇಳಬೇಕಿತ್ತು. ‘ಗ್ರೋಸ್’ ಎಂದರೆ ಬದುಕು, ‘ಈಸ್ ಗ್ರೋಯಿಂಗ್’ ಎಂದರೆ ಸದ್ಯದ ಪಾಡು. ಯಾವುದು ಯಾವುದೆಂದು ತಿಳಿದು ಆರಿಸಿಕೊಳ್ಳುವುದಕ್ಕಾಗಿಯೇ ವ್ಯಾಕರಣ ಕಲಿಯಬೇಕು, ನಗುವುದಕ್ಕಾಗಿ ಅಲ್ಲ, ನಗೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುವುದಕ್ಕಾಗಿಯೂ ಅಲ್ಲ.

ಭಾನುವಾರವಿಡೀ ಹುಡುಗಿ ಜಗಲಿಯಲ್ಲಿ ಕುಳಿತು ವಾಕ್ಯ ಬರೆದಳು. ಅಜ್ಜಿ ಏನು ಮಾಡುತ್ತಾಳೆ, ಹಸು ಏನು ತಿನ್ನುತ್ತದೆ, ತಮ್ಮ ಯಾವಾಗ ಏಳುತ್ತಾನೆ, ಬೆಟ್ಟದಪುರದ ಬೆಟ್ಟದ ಮೇಲೆ ಮೋಡ ಹೇಗೆ ಕೂರುತ್ತದೆ. ಎಲ್ಲವೂ ಮನೆಯ ಸುತ್ತಲಿನದೇ. ‘ಮಳೆ ಬಂದರೆ’ ಎಂದು ಬರೆಯುವಾಗ ಮಾತ್ರ ತಡೆದಳು. ಕನ್ನಡದ ‘ಬಂದರೆ’ ಭೂತಕಾಲದಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದೇ ಸಿಂಪಲ್ ಪ್ರೆಸೆಂಟ್, ‘ಇಫ್ ಇಟ್ ರೇನ್ಸ್’. ಮೇಷ್ಟ್ರ ಮನೆಗೆ ಓಡಿಹೋಗಿ ಕೇಳಿ ಬಂದಳು. ಅಜ್ಜಿ ಮದುವೆಯ ಮಾತೆತ್ತಿದಾಗ ಈ ಸಲ ಅವ್ವ ಒಲೆಯ ಕಡೆಯಿಂದ ತಿರುಗಿ, ‘ಓದ್ತಾಳೆ ಸುಮ್ನಿರತ್ತೆ’ ಎಂದಳು. ‘ಓದ್ತಾ ಅವಳೆ’ ಎನ್ನಲಿಲ್ಲ.

ಸೋಮವಾರ ನಸುಕಿನ ಬಸ್ಸಿಗೆ ಅಪ್ಪನೇ ಕರೆತಂದ. ಬ್ಯಾರನ್ನಿನ ಒಲೆಯನ್ನು ಅಷ್ಟು ಹೊತ್ತು ನೋಡಿಕೊಂಡವರು ಮೇಷ್ಟ್ರು. ಹಾಸಿಗೆಯ ಸುರುಳಿ ಮತ್ತೆ ಬಸ್ಸಿನೊಳಗೆ ಹೋಯಿತು. ಕಿಟಕಿಯಿಂದ ಅವಳು ‘ಹೋಗಿ ಬತ್ತೀನಪ್ಪ’ ಎಂದಳು. ನಮ್ಮ ಕಡೆ ಬರಿದೇ ‘ಹೋಗ್ತೀನಿ’ ಎನ್ನುವುದಿಲ್ಲ, ‘ಬತ್ತೀನಿ’ ಸೇರಿಸಲೇಬೇಕು. ಅದನ್ನು ಯಾವ ಕಾಲದಲ್ಲಿ ಅನುವಾದಿಸುವುದೆಂದು ಯಾವ ವ್ಯಾಕರಣ ಪುಸ್ತಕದಲ್ಲೂ ಇಲ್ಲ.

ಆ ಹುಡುಗಿ ಪಿಯುಸಿಯಲ್ಲಿ ಪತ್ರಿಕೆಯಲ್ಲಿ ಹೆಸರು ಬರುವಷ್ಟು ಅಂಕ ತೆಗೆಯಲಿಲ್ಲ. ಪಾಸಾದಳು, ಮುಂದಕ್ಕೂ ಓದಿದಳು. ಎರಡನೇ ಕಿರುಪರೀಕ್ಷೆಯಲ್ಲಿ ಹಾಳೆ ಖಾಲಿ ಉಳಿಯಲಿಲ್ಲ. ಅವಳು ಮರಳಿ ಹೋದ ವಾರವೇ ತರಗತಿಯಲ್ಲಿ ಕೈ ಎತ್ತಿ ಎದ್ದು ನಿಂತು, ತನ್ನ ಪರಿಚಯವನ್ನು ಇನ್ನೊಮ್ಮೆ ಹೇಳಲು ಅನುಮತಿ ಕೇಳಿದಳಂತೆ.

‘ಮೈ ಫಾದರ್ ಗ್ರೋಸ್ ರಾಗಿ. ಹಿ ಈಸ್ ಗ್ರೋಯಿಂಗ್ ಟೊಬ್ಯಾಕೊ. ಐ ಹ್ಯಾವ್ ಒನ್ ಬ್ರದರ್.’

ಉಪನ್ಯಾಸಕರು ಒಂದು ಕ್ಷಣ ಯೋಚಿಸಿ, ಕಪ್ಪು ಹಲಗೆಯ ಮೇಲೆ ಮೊದಲ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು, ಅಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಿದರಂತೆ. ಈ ಸಲ ಯಾರೂ ನಗಲಿಲ್ಲ.